ಪ್ಯಾಟಿ ಹುಟ್ಟಿದ ದಿನ

ಶಹರದ ಇಬ್ರಾಹಿಂಪುರ ಓಣಿಯಲ್ಲಿ ಹದಿನೈದು ವರ್ಷ ಇದ್ದೂ ಪ್ಯಾಟಿ ಮಂದಿ ಆಗದೆ ಉಳಿದವರು ನಮ್ಮ ಕಾಕಾ ಒಬ್ಬರೇ. ಹಾಗೆಂದು ಅವರೇ ಹೇಳುತ್ತಿದ್ದರು. ಅರವತ್ತನೆಯ ಇಸವಿಯ ಆಚೀಚಿನ ಒಂದು ಸೋಮವಾರ ಬೆಳಿಗ್ಗೆ, ತಮ್ಮೂರು ಘೋಣಸಗಿಯ ಹೊಲ ನೋಡಲು ಹೊರಟು ನಿಂತಾಗಲೂ ಅದೇ ಮಾತು.

"ಸಂಜೀಕ ಬರ್ತೀನಿ. ಬಾಗಲಾ ಬರೇ ಮುಂದ ಮಾಡಿ ಸಾಲಿಗೆ ಹೋಗು. ಕೀಲಿ ಹಾಕಿದಿ ಅಂದ್ರ ನಾ ಈ ಮನ್ಯಾಗ ಕಾಲ ಇಡಂಗಿಲ್ಲ ನೋಡವ್ವಾ."

ಹುಡುಗಿಯರ ಶಾಲೆಯಲ್ಲಿ ಕೆಲಸ ಸಿಕ್ಕ ಮೇಲೆ ನಾನು ಅವರ ಜೊತೆಗೇ ಇದ್ದೆ. ಕಲಿಸುವವಳಲ್ಲವೇ, ಒಮ್ಮೆ ಅವರಿಗೂ ಕಲಿಸಲು ಹೋಗಿದ್ದೆ.

"ಕಾಕಾ, ಪ್ಯಾಟಿ ಅಂದ್ರ ಬಜಾರ. ಅದರ ಸುತ್ತ ಇರೂ ಮಂದಿ ಪ್ಯಾಟಿ ಮಂದಿ. ಇಷ್ಟ ಅದರ ಅರ್ಥ."

"ಸುಳ್ಳದು. ಸಂತಿ ತಿಕೋಟಾದಂಥ ಹಳ್ಳ್ಯಾಗೂ ಕೂಡ್ತೈತಿ, ಅವರೇನು ಪ್ಯಾಟಿ ಮಂದಿಯೇನು? ಯಾವ ದಿನ ಒಬ್ಬಾಂವ ಮಗ್ಗಲ ಮನಿಯವಗ ಅಂಜಿ ಕೀಲಿ ಹಾಕಿದ್ನೋ, ಆ ದಿನ ಪ್ಯಾಟಿ ಹುಟ್ಟಿತು."

ಇಂಥ ಶಬ್ದಕೋಶದ ಮುಂದೆ ನನ್ನ ಟ್ರೇನಿಂಗು ಎಲ್ಲಿ ನಡೆದೀತು?

ಅಷ್ಟು ವರ್ಷ ಒಂದು ಚಮಚವೂ ಕಳುವಾಗಿಲ್ಲ ಎಂದು ಕಾಕಾ ಹೇಳಿಕೊಳ್ಳುತ್ತಿದ್ದರು. ಎದುರು ಮನೆಯ ಟೇಲರ್ ಚಾಚಾ ಬಾಯಲ್ಲಿ ಸೂಜಿ ಹಿಡಿದೇ ನಗುತ್ತಿದ್ದರು. ನಾವಿಬ್ಬರೂ ಹೊರಗೆ ಹೋದೊಡನೆ ಅವರು ಹೊಲಿಗೆ ಮಷೀನನ್ನು ನಮ್ಮ ಕಟ್ಟೆಗೆ ಎಳೆದುಕೊಂಡು ಕೂಡುತ್ತಿದ್ದರು.

"ನಿಮ್ಮ ಕಾಕಾ ಹಳ್ಳಿಯವರಾಗೇ ಉಳೀಲಿ ಅಂತ ನಾ ಕೀಲಿ ಆಗೇನ್ರಿ ಅಕ್ಕಾರ," ಎಂದು ಚಾಚಾ ಒಮ್ಮೆ ನನಗಷ್ಟೇ ಹೇಳಿದ್ದರು.

ಒಂದು ದಿನ ಚಾಚಾ ಹೊನವಾಡಕ್ಕೆ ಮದುವೆಗೆ ಹೋದರು. ಅಂದೇ ನಮ್ಮ ತಾಮ್ರದ ಕೊಡ ಹೋಯಿತು.

"ಪಾಪ, ನೀರಿನ ತ್ರಾಸ ಇದ್ದೀತು ಅವಗ," ಎಂದರು ಕಾಕಾ. ಆಮೇಲೆ ಚಿಂತೆಗೆ ಬಿದ್ದರು. "ಸೇದೂ ಹಗ್ಗ ಇಲ್ಲೇ ಬಿಟ್ಟು ಹೋಗ್ಯಾನಲ್ಲ."

ಹಗ್ಗವನ್ನು ಮೂರು ದಿನ ಹೊಸ್ತಿಲ ಹೊರಗೆ ಇಟ್ಟರು. ಕಳ್ಳ ಬರಲಿಲ್ಲ. ನಾಚಿಕೆಯಾಗಿರಬೇಕು. ಇನ್ನಾದರೂ ಕೀಲಿ ತರೋಣವೆಂದೆ.

"ಪ್ಯಾಟಿಯಾಕಿ ಆದಿ ನೋಡವ್ವಾ ನೀ," ಎಂದರು.

ನಾನು ಗುಟ್ಟಾಗಿ ಒಂದು ತಂದಿಟ್ಟೆ.

ಆ ಸೋಮವಾರ ಚಾಚಾ ಜ್ವರ ಬಂದು ಮಲಗಿದ್ದರು. ಕಾಕಾ ಬಸ್ಸಿಗೆ ಹೋದ ಮೇಲೆ ಬಾಗಿಲಿಗೆ ಕೀಲಿ ಹಾಕಿದೆ. ಸಂಜೆ ಅವರಿಗಿಂತ ಮೊದಲು ಬಂದು ತೆಗೆದರಾಯಿತು, ಅವರಿಗೇನು ತಿಳಿಯುತ್ತದೆ?

ಮಧ್ಯಾಹ್ನ ಘೋಣಸಗಿಯವರೊಬ್ಬರು ಶಾಲೆಗೇ ಬಂದರು. ಹೊಲದ ಬದುವಿನ ಮೇಲೆ ಕುಳಿತ ಕಾಕಾ ಮತ್ತೆ ಏಳಲಿಲ್ಲವಂತೆ. ಅಲ್ಲೇ ಮಣ್ಣು ಮಾಡಿದೆವು. ಹೇಳಿದಂತೆಯೇ, ಕೀಲಿ ಹಾಕಿದ ಮನೆಯಲ್ಲಿ ಅವರು ಕಾಲಿಡಲಿಲ್ಲ.

ಮರಳಿ ಬಂದು ಕೀಲಿ ತೆಗೆದೆ. ಮತ್ತೆ ಹಾಕಿಲ್ಲ. ಜ್ವರ ಬಿಟ್ಟ ಚಾಚಾ ಮೊದಲಿನಂತೆ ಕಟ್ಟೆಗೆ ಬಂದು ಕೂಡತೊಡಗಿದರು. ನನ್ನನ್ನು ಪ್ಯಾಟಿಯಾಕಿ ಎನ್ನುವವರು ಮನೆಯಲ್ಲಿ ಇಲ್ಲ.