ಮೈನಸ್ ಎರಡೂವರೆಯಲ್ಲಿ ಮಾಸ್ತರು

ಏಳನೇ ತರಗತಿಗೆ ಪೂರ್ಣಾಂಕ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕಲಬುರಗಿ ಜಿಲ್ಲೆಯಲ್ಲೇ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆ ಕಳೆದ ಬುಧವಾರದವರೆಗೂ ಗಟ್ಟಿಯಾಗಿತ್ತು.

ನನ್ನ ಮನೆ ಕಲಬುರಗಿಯ ಶಹಾಬಜಾರದಲ್ಲಿ, ಶಾಲೆ ಕಮಲಾಪುರದಲ್ಲಿ. ಅಂದು ಇಲಾಖೆಯ ಅಧಿಕಾರಿ ಮೇಡಂ ನನ್ನ ಪಾಠ ನೋಡಲು ಬರುವವರಿದ್ದರು. ನನ್ನ ಮಕ್ಕಳೋ, ಎರಡಕ್ಕಿಂತ ಐದು ದೊಡ್ಡದಾದ ಮೇಲೆ ಮೈನಸ್ ಎರಡಕ್ಕಿಂತ ಮೈನಸ್ ಐದೂ ದೊಡ್ಡದೇ ಎಂದು ಹಟ ಹಿಡಿದಿದ್ದರು. ಅದನ್ನೇ ಮೇಡಂ ಮುಂದೆ ಹೇಳಿದರೆ ನನ್ನ ಮಾನ ಉಳಿಯುತ್ತಿರಲಿಲ್ಲ.

ಶಾಲೆಯ ಹಿಂದೆ ನೀರಿನ ಟಾಕಿಗೆಂದು ಒಂದು ಹೊಂಡ ತೋಡಿ ಹಾಗೇ ಬಿಟ್ಟಿದ್ದರು. ಅದರೊಳಗೆ ಬಿದಿರಿನ ಏಣಿ ಇಳಿಸಿ, ತುದಿಯನ್ನು ಶಾಲೆಯ ಗೋಡೆಗೆ ಆನಿಸಿದರೆ ಸಂಖ್ಯಾರೇಖೆಯೇ ಎದ್ದು ನಿಂತಂತೆ! ನೆಲದ ಮಟ್ಟ ಸೊನ್ನೆ. ಮೇಲಿನ ಮೆಟ್ಟಿಲುಗಳು ಪ್ಲಸ್, ಕೆಳಗಿನವು ಮೈನಸ್.

ಬೆಳಿಗ್ಗೆ ಡಬ್ಬಿ ಕಟ್ಟುತ್ತಿದ್ದ ನನ್ನ ಹೆಂಡತಿ ಸುಮಂಗಲಾ ಎಲ್ಲವನ್ನೂ ಕೇಳಿಸಿಕೊಂಡಳು.

"ಬೋರ್ಡಿನ ಮ್ಯಾಲ ಒಂದು ಗೆರಿ ಎಳದ್ರ ಆಗಂಗಿಲ್ಲೇನ್ರಿ?"

"ನಿನಗ ಬೋಧನಾ ವಿಧಾನ ತಿಳಿಯಂಗಿಲ್ಲ."

"ನಿಮ್ಮ ತೂಕ ಅಂತೂ ತಿಳೀತದ!"

ಈ ಮಾತನ್ನು ನಾನು ಅಲಕ್ಷಿಸಿದೆ.

ಶಾಲೆಗೆ ಬಂದು ಏಣಿ ಇಳಿಸಿ, ಮಕ್ಕಳನ್ನು ಹೊಂಡದಿಂದ ದೂರ ಕೂರಿಸಿ ಪಾಠ ಆರಂಭಿಸಿದೆ. ಪ್ಲಸ್ ಒಂದು, ಪ್ಲಸ್ ಎರಡು ಸುಸೂತ್ರವಾಗಿ ಹತ್ತಿದೆ. ಚಪ್ಪಾಳೆ ಬಿತ್ತು. ಮತ್ತೆ ಸೊನ್ನೆಗೆ ಬಂದು ಮೈನಸ್ ಲೋಕಕ್ಕೆ ಇಳಿದೆ. ಮೈನಸ್ ಎರಡರ ಮೇಲೆ ಎಡಗಾಲಿಟ್ಟು, ಬಲಗಾಲನ್ನು ಮೈನಸ್ ಮೂರರ ಮೇಲೆ ಇಟ್ಟೆನಷ್ಟೇ. ಫಟ್!

ಮೆಟ್ಟಿಲು ಮುರಿದಿತ್ತು! ಬಲಗಾಲು ಜಾರುವಷ್ಟರಲ್ಲಿ ಪ್ಯಾಂಟು ಏಣಿಯ ಮೊಳೆಗೆ ಸಿಕ್ಕಿ, ಕಾಲು ಎರಡಕ್ಕೂ ಮೂರಕ್ಕೂ ನಡುವೆ ತೂಗಾಡತೊಡಗಿತು. ಮೇಲೆ ಏಣಿಯ ತುದಿ ಗೋಡೆಯನ್ನು ಕೆರೆಯುತ್ತಾ ಕರ್‌ ಎಂದು ಸರಿಯಿತು. ಕೆಳಗೆ ಕೆಸರು.

ಮಕ್ಕಳು ಎದ್ದು ಓಡಿ ಬಂದರು. ಏಣಿ ಹಿಡಿದರೆ ಅವರೂ ಅದರ ಜೊತೆಗೇ ಒಳಗೆ ಬೀಳುತ್ತಾರೆ! ನಾನು ಕೂಗಿದೆ.

"ಯಾರೂ ಮುಟ್ಟಬ್ಯಾಡ್ರಿ! ಹಿಂದ ಸರೀರಿ!"

ಎಲ್ಲರೂ ಹಿಂದೆ ಸರಿದರು. ಅವರ ಜಾಗಕ್ಕೆ ಒಂದು ಸೀರೆ ಬಂದು ನಿಂತಿತು. ಅಧಿಕಾರಿ ಮೇಡಂ!

"ಓಹೋ, ಚಟುವಟಿಕಿ ಮಾಡಸಾಕತ್ತೀರೇನ್ರಿ ಮಾಸ್ತರ್?"

ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಒಂದೇ ಮಾತು ಹೇಳಬೇಕಿತ್ತು. ಆದರೆ ಮಾನವೆಂಬುದೊಂದಿದೆಯಲ್ಲ!

"ಹೌದ್ರಿ ಮೇಡಂ, ಚಟುವಟಿಕಿ!" ಎಂದು ನಕ್ಕೆ. ಏಣಿ ಮತ್ತೊಂದಿಷ್ಟು ಸರಿಯಿತು. ನಗುವುದನ್ನು ನಿಲ್ಲಿಸಿದೆ.

ಮೇಡಂ ಸಾವಕಾಶವಾಗಿ ಮಕ್ಕಳ ಕಡೆ ತಿರುಗಿದರು. "ಸರ್ ಅವರ ಬಲಗಾಲು ಎಲ್ಲದ, ಹೇಳ್ರಿ?"

ಮುಂದೆ ನಿಂತಿದ್ದ ಭಾಗಮ್ಮ ಎಂಬ ಹುಡುಗಿ ಕತ್ತು ಚಾಚಿ ಹೊಂಡದೊಳಗೆ ನೋಡಿದಳು. "ಮೈನಸ್ ಎರಡೂವರಿ ಮ್ಯಾಲ್ರಿ."

"ಎರಡೂವರಿ ಪೂರ್ಣಾಂಕ ಅದ ಏನು?"

ನನ್ನ ಅಂಗೈ ಬೆವರಿ ಬಿದಿರು ಜಾರುತ್ತಿತ್ತು. ಬೇಗ ಹೇಳೇ ತಾಯಿ!

"ಅಲ್ರಿ ಮೇಡಂ. ಎರಡು ಪೂರ್ಣಾಂಕದ ನಡುವ ಅದ. ಎರಡರ ಕೆಳಗ ಐದು ಅಂತ... ಅಲ್ಲಲ್ಲ, ಐದರ ಕೆಳಗ ಎರಡು ಅಂತ ಬರದು ಮುಂದ ಮೈನಸ್ ಹಾಕಬೇಕ್ರಿ. ಅದು ಭಾಗಲಬ್ಧ ಸಂಖ್ಯೆ!"

"ಶಾಬ್ಬಾಸ್!" ಎಂದರು ಮೇಡಂ. ಭಾಗಲಬ್ಧ ಸಂಖ್ಯೆಯ ಪಾಠವನ್ನು ನಾನು ಮೇಲೆ ಮೇಲೆ ಹೇಳಿ ಮುಗಿಸಿದ್ದೆನಷ್ಟೆ. ಅದು ಒಬ್ಬಳ ತಲೆಗಾದರೂ ಹೋಗಿದೆಯಲ್ಲ! ಸಂತೋಷ ತಡೆಯಲಾರದೆ ನಾನೂ ಶಾಬ್ಬಾಸ್ ಎನ್ನಲು ಒಂದು ಕೈ ಎತ್ತಿದೆ.

ಎತ್ತಬಾರದಿತ್ತು. ಪ್ಯಾಂಟು ಪರ್ರೆಂದಿತು. ನಾನು ಉಳಿದ ಋಣ ಸಂಖ್ಯೆಗಳನ್ನೆಲ್ಲ ಒಂದೇ ಏಟಿಗೆ ದಾಟಿ ಕೆಸರಿನಲ್ಲಿ ಕುಳಿತೆ!

ಮೇಡಂ ಗಾಬರಿಯಿಂದ ಬಗ್ಗಿದರು. "ಪೆಟ್ಟಾತೇನ್ರಿ?"

"ಇಲ್ರಿ ಮೇಡಂ. ಇದು... ಮೈನಸ್ ಐದು."

ಮೇಡಂ ಕೂಡಲೇ ಮಕ್ಕಳನ್ನು ಕೇಳಿದರು. "ಮೈನಸ್ ಐದು ದೊಡ್ಡದೋ, ಮೈನಸ್ ಎರಡೋ?"

ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. "ಮೈನಸ್ ಎರಡು!"

"ಯಾಕ?"

"ಸರ್ ಅಲ್ಲಿದ್ದಾಗ ಛಲೋ ಇದ್ರು ರೀ!" ಎಂದಳು ಭಾಗಮ್ಮ.

ಮೇಡಂ ಮುಖದ ಮೇಲೆ ಮೆಚ್ಚುಗೆ ಅರಳಿತು. "ಇಂಥ ಪಾಠ ನಾ ಎಲ್ಲೂ ನೋಡಿಲ್ರಿ ಮಾಸ್ತರ್! ಮುಂದಿನ ವಾರ ಕಲಬುರಗಿಯೊಳಗ ಗಣಿತ ಮಾಸ್ತರಿಗೆಲ್ಲ ತರಬೇತಿ ಅದ. ಅಲ್ಲಿ ನೀವು ಇದನ್ನ ಹೀಂಗೇ ಮಾಡಿ ತೋರಿಸಬೇಕು."

"ಅಲ್ಲಿ ಹೊಂಡ ಇಲ್ಲಲ್ರಿ ಮೇಡಂ..."

"ಚಿಂತಿ ಮಾಡಬ್ಯಾಡ್ರಿ, ತೋಡಸ್ತೀವಿ!"

ನಾನು ಕೆಸರಿನಲ್ಲಿ ಕುಳಿತೇ ಕೈಮುಗಿದೆ.