ಬಾಗಿಲು ತಳ್ಳುವ ವಿದ್ಯೆ

"ಮ್ಯಾಪು ಗೀಪು ಏನೂ ಬೇಡ! ಕಣ್ಣಿಗೆ ಬಟ್ಟೆ ಕಟ್ಟಿ, ಬುಗುರಿ ಹಾಗೆ ತಿರುಗಿಸಿ ಬಿಟ್ಟರೂ ನಮ್ಮ ಮನೆ ಮುಂದೆ ಹೋಗಿ ನಿಲ್ತೀನಿ!" ಎಂದು ರೈಲಿನಿಂದ ಇಳಿದ ಕೂಡಲೇ ಘೋಷಿಸಿದೆ.

ಆ ಪರದೇಶದ ಊರಿನ ಬಿಸ್ಕತ್ತು ಕಾರ್ಖಾನೆಯಲ್ಲಿ ನನ್ನ ಅಪ್ಪ ಮೆಕ್ಯಾನಿಕ್ ಆಗಿದ್ದರು. ಕಾರ್ಖಾನೆಯವರು ಕೊಟ್ಟ ಮನೆಯಲ್ಲೇ ನನ್ನ ಬಾಲ್ಯ ಕಳೆಯಿತು. ತಲೆಯಲ್ಲಿ ಕಪ್ಪು ಕೂದಲಿದ್ದಾಗ ಬಿಟ್ಟ ಊರಿಗೆ, ಕೂದಲೇ ಇಲ್ಲದಾಗ ಹೆಂಡತಿ, ಮಗಳು, ಅಳಿಯನನ್ನು ಕಟ್ಟಿಕೊಂಡು ಬಂದಿದ್ದೆ.

"ಮನೆ ಸಿಗದಿದ್ರೆ?" ಎಂದಳು ಹೆಂಡತಿ.

"ಸಿಗದಿದ್ರೆ ಆ ಮನೆ ಕಥೆ ಈ ಜನ್ಮದಲ್ಲಿ ಇನ್ನು ಎತ್ತಲ್ಲ!"

"ಮಾವ, ಮಾತು ಅಂದ್ರೆ ಮಾತು ತಾನೇ?" ಎಂದ ಅಳಿಯ. ಅವನ ಕಣ್ಣಲ್ಲಿ ಅಷ್ಟೊಂದು ಆಸೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ!

ಅವನ ತಪ್ಪೇನಿಲ್ಲ. ಅವನು ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ ನಾನು ಬಾಗಿಲಿನ ಕಥೆ ಹೇಳಿದ್ದೆ. ನಮ್ಮ ಬೀದಿಬಾಗಿಲು ತೇವಕ್ಕೆ ಉಬ್ಬಿದರೆ ಆನೆ ತಳ್ಳಿದರೂ ಜಗ್ಗುತ್ತಿರಲಿಲ್ಲ. ಕೇಳುವವರು ಸಿಕ್ಕಿದಂತೆ ಆನೆಗಳು ಒಂದರಿಂದ ಮೂರಾಗಿದ್ದೂ ಉಂಟು. ಹಿಡಿ ಮೇಲಕ್ಕೆತ್ತಬೇಕು, ಮಂಡಿಯಿಂದ ಕೆಳಗೆ ಗುದ್ದಬೇಕು, ಆಮೇಲೆ ಭುಜ ಕೊಡಬೇಕು. ಇದು ನಮ್ಮ ವಂಶದ ವಿದ್ಯೆ!

ಬೀದಿ ಸಿಕ್ಕಿತು. ಎರಡೂ ಕಡೆ ಒಂದೇ ಅಚ್ಚಿನಲ್ಲಿ ತೆಗೆದ ಬಿಸ್ಕತ್ತಿನಂಥ ಮನೆಗಳು. ನಮ್ಮದು ಮೂಲೆ ಮನೆ. ಎಡಗಡೆಯ ಮೂಲೆ ಮನೆ ಕಂಡದ್ದೇ ತಡ, ಓಡಿ ಹೋಗಿ ಅದರ ಮುಂದೆ ನಿಂತೆ.

"ಇದೇ! ಇದೇ ಬಾಗಿಲು!"

"ರೀ, ಮೊದ್ಲು ಬೆಲ್ ಮಾಡಿ" ಎಂದಳು ಹೆಂಡತಿ.

"ಸ್ವಂತ ಮನೆಗೆ ಬೆಲ್ಲಾ?"

ಹಿಡಿ ಎತ್ತಿದೆ, ಮಂಡಿ ಗುದ್ದಿದೆ, ಭುಜ ಕೊಟ್ಟೆ. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿದ್ದರು ಅಷ್ಟೆ! ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ನಡುಮನೆ ದಾಟಿ, ಛತ್ರಿಗಳ ಸ್ಟ್ಯಾಂಡನ್ನು ಅಪ್ಪಿಕೊಂಡು, ಒಬ್ಬ ಅಜ್ಜಿಯ ಕಾಲಬುಡದಲ್ಲಿ ಹೋಗಿ ಬಿದ್ದೆ.

ಏನಾದರೂ ಹೇಳಲೇಬೇಕಿತ್ತು. ಆ ಊರ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು ಎಂದು ಮನೆಯವರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ! ಬಾಯಿ ತೆರೆದರೆ, ನಾನು ಊರು ಬಿಟ್ಟಾಗ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಹೊರಟಿತು ಭಾಷೆ:

"ಆಂಟಿ, ನಾನು ಹೊಡೆದಿದ್ದಲ್ಲ. ನನ್ನ ಚೆಂಡು ಕೊಡ್ತೀರಾ?"

ಅಜ್ಜಿ ನನ್ನ ಬೋಳುತಲೆಯನ್ನು ನೋಡಿದರು. ಬಾಗಿಲಲ್ಲಿ ಬಾಯಿ ತೆರೆದು ನಿಂತ ನನ್ನ ಪರಿವಾರವನ್ನು ನೋಡಿದರು. ಆಮೇಲೆ ಒಳಗೆ ಹೋಗಿ ನಿಜವಾಗಿಯೂ ಒಂದು ಚೆಂಡು ತಂದು ನನ್ನ ಕೈಗಿಟ್ಟರು!

ಮಗಳು ತನ್ನ ಫೋನಿನ ಕೈಲಿ ಆ ಭಾಷೆಯಲ್ಲಿ ಕ್ಷಮೆ ಕೇಳಿಸುತ್ತಿದ್ದಳು. ಅಷ್ಟರಲ್ಲಿ ಹೆಂಡತಿ, ಒಳಗೆ ನೇರವಾಗಿ ಕಾಣುತ್ತಿದ್ದ ಅಡುಗೆಮನೆಯತ್ತ ಕತ್ತು ಚಾಚಿದಳು.

"ರೀ, ಇದು ನಿಮ್ಮನೆ ಅಲ್ಲ."

"ನನ್ನ ಮನೆ ನನಗೆ ಗೊತ್ತಿಲ್ವಾ?"

"ಅಡುಗೆಮನೆ ಕಿಟಕಿಯಿಂದ ಕಾರ್ಖಾನೆ ಚಿಮಣಿ ಕಾಣ್ತಿತ್ತು. ಹೊಗೆ ನಿಂತ ಕೂಡ್ಲೇ, ಕೆಲಸ ಮುಗಿಸಿ ಬರೋ ಮಾವನಿಗೆ ಅಂತ ಅತ್ತೆ ಒಲೆ ಮೇಲೆ ನೀರಿಡ್ತಿದ್ರು. ಇಲ್ಲಿ ಕಿಟಕಿಯಾಚೆ ಬರೀ ಗೋಡೆ. ಚಿಮಣಿ ನೋಡಿ, ಅಗೋ, ಎದುರು ಸಾಲಿನ ಹಿಂದೆ!"

"ಇದೆಲ್ಲ ನಿನಗೆ ಯಾರು ಹೇಳಿದ್ರು?"

"ನೀವೇ! ನೀವು ಬರೀ ಹೇಳಿದ್ರಿ. ಕೇಳಿಸ್ಕೊಂಡಿದ್ದು ನಾನು."

ನಾನು ಏಳುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿಯಾಗಿತ್ತು. ಎದುರಿನ ಮೂಲೆ ಮನೆಯಲ್ಲಿ ಅವಳು ಬೆಲ್ ಮಾಡಿದಳು. ಒಳಗಿನಿಂದ ಯಾರೋ ಬಾಗಿಲು ಎಳೆದರು. ಬರಲಿಲ್ಲ. ಗೊಣಗಿ ಮತ್ತೆ ಎಳೆದರು. ಬಾಗಿಲು ಜಪ್ಪಯ್ಯ ಎನ್ನಲಿಲ್ಲ.

"ಸರಿ, ನಾನು..." ಎಂದು ತೋಳೇರಿಸಿದೆ.

"ನೀವು ಚೆಂಡು ಹಿಡ್ಕೊಂಡಿರಿ" ಎಂದಳು.

ಹಿಡಿ ಎತ್ತಿದಳು, ಮಂಡಿ ಗುದ್ದಿದಳು, ಭುಜ ಕೊಟ್ಟಳು. ಧಡ್! ಬಾಗಿಲು ತೆರೆಯಿತು. ಒಳಗೆ ಸಮವಸ್ತ್ರದಲ್ಲಿದ್ದ ಬಸ್ ಡ್ರೈವರ್ ಒಬ್ಬರು ಕಣ್ಣು ಕಣ್ಣು ಬಿಟ್ಟರು. ಅವರು ಕೇಳಿದ್ದನ್ನು ಫೋನು ಕನ್ನಡದಲ್ಲಿ ಉಲಿಯಿತು: "ಈ ಬಾಗಿಲಿನ ಗುಟ್ಟು ನಿಮಗೆ ಹೇಗೆ ಗೊತ್ತು?"

"ಅದೊಂದು ದೊಡ್ಡ ಕಥೆ..." ಎಂದು ನಾನು ಶುರುಮಾಡಿದೆ.

"ಮಾವ, ಮನೆ ಹುಡುಕಿದ್ದು ಅತ್ತೆ. ಮಾತು ಅಂದ್ರೆ ಮಾತು!" ಅಳಿಯ ಕೆಮ್ಮಿದ.

ಡ್ರೈವರ್ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಅಡುಗೆಮನೆ ಕಿಟಕಿಯಲ್ಲಿ ಚಿಮಣಿ ಹಾಗೇ ನಿಂತಿತ್ತು. ಕಥೆಯನ್ನು ಹೆಂಡತಿ ಹೇಳಿದಳು. ನಾನು ಎಲ್ಲೆಲ್ಲಿ ಆನೆ ತರುತ್ತಿದ್ದೆನೋ ಅಲ್ಲೆಲ್ಲ ಅವಳು ನನ್ನ ಅಮ್ಮನನ್ನು ತಂದಳು. ಒದ್ದೆ ಸಂಜೆ, ಅಮ್ಮನ ಒಂದು ಕೈಯಲ್ಲಿ ನೀರಿನ ಪಾತ್ರೆ, ಹೊರಗೆ ಬಾಗಿಲು ತಳ್ಳುತ್ತಿರುವ ಅಪ್ಪ, ಒಳಗಿನಿಂದ ನಗುತ್ತಾ ಎಳೆಯುತ್ತಿರುವ ಅಮ್ಮ. ಅಲ್ಲಿಗೆ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು.

ಇಡೀ ಸಂಸಾರಕ್ಕೆ ಆ ಕಥೆ ಹೇಳಿ ಹೇಳಿ ಸುಸ್ತು ಮಾಡಿದ ಮಹಾನುಭಾವನಾದ ನಾನೇ, ಮಡಿಲಲ್ಲಿ ಚೆಂಡು ಇಟ್ಟುಕೊಂಡು, ಎಲ್ಲರಿಗಿಂತ ಮೊದಲು ಕೇಳಿಬಿಟ್ಟೆ:

"ಆಮೇಲೆ ಏನಾಯ್ತು?"