ಏಳನೇ ಮಹಡಿಯ ಮುಕ್ತ ಮಾರುಕಟ್ಟೆ

ಲಿಫ್ಟಿನ ತಂಟೆಗೆ ಹೋಗದಿದ್ದರೆ ಮೇಷ್ಟ್ರು ಆ ಸಂಜೆ ಟಿವಿಯಲ್ಲಿ ಇರುತ್ತಿದ್ದರು.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಅವರಿಗೆ ತೆರಿಗೆ ಎಂದರೆ ಮೈಯೆಲ್ಲ ಉರಿ. ಬೆಳಗ್ಗೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ತಿಂಗಳ ನಿರ್ವಹಣಾ ಶುಲ್ಕದ ಮೇಲೆ ಮುಗಿಬಿದ್ದರು.

"ಇದೂ ಒಂದು ತೆರಿಗೇನೇ, ಕಿತ್ತುಹಾಕಿ. ಲಿಫ್ಟನ್ನ ಹರಾಜು ಹಾಕಿ. ಬೇಕಾದೋರು ಕಾಸು ಕೊಟ್ಟು ಹತ್ತಲಿ. ದರಕ್ಕೆ ಮಾತ್ರ ಯಾರೂ ಕೈ ಹಚ್ಚಬಾರದು, ಅದು ತಾನಾಗೇ ಇಳಿಯುತ್ತೆ."

ಶುಲ್ಕ ತಪ್ಪಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಮುಚ್ಚಿದ ಲಕೋಟೆಗಳು ಬಂದವು, ಮಧ್ಯಾಹ್ನದೊಳಗೆ ಲಿಫ್ಟು ಮಾರಾಟವಾಯಿತು. ಕಾಲೇಜಿನಲ್ಲಿದ್ದ ಮೇಷ್ಟ್ರು ಫೋನಿನಲ್ಲೇ ಸುದ್ದಿ ಕೇಳಿ ಹಿಗ್ಗಿಹೋದರು, ಕೊಂಡವರು ಯಾರೆಂದು ಕೇಳಲೂ ಇಲ್ಲ. ಆರು ಗಂಟೆಗೆ ಮನೆಯ ಕಂಪ್ಯೂಟರಿನ ಮುಂದೆ ಕೂತು ಟಿವಿ ಚರ್ಚೆಯಲ್ಲಿ ಮಾತಾಡಬೇಕಿತ್ತು. ಮೂವತ್ತು ವರ್ಷ ಪಾಠ ಹೇಳಿದವರಿಗೆ ನಾಡೆಲ್ಲ ಕೇಳುವ ಅವಕಾಶ ಬಂದದ್ದು ಇದೇ ಮೊದಲು.

ಆರಕ್ಕೆ ಹತ್ತು ನಿಮಿಷವಿರುವಾಗ ಬಂದು ನೋಡಿದರೆ ಲಿಫ್ಟಿನೆದುರು ಉದ್ದದ ಸಾಲು.

"ಏಳನೇ ಮಹಡಿಗೆ ಎಪ್ಪತ್ತು ಸಾರ್," ಎಂದ ಕಾವಲುಗಾರ. ಸಾಲು ಬೆಳೆಯಿತು. "ಈಗ ನೂರೈವತ್ತು."

"ಏನ್ರೀ ಇದು ಹಗಲುದರೋಡೆ? ದರಕ್ಕೊಂದು ಮಿತಿ ಬೇಡ್ವಾ?" ಎಂದರು ಮೇಷ್ಟ್ರು.

"ತಾನಾಗೇ ಇಳಿಯುತ್ತೆ, ಕಾಯಿರಿ ಮೇಷ್ಟ್ರೇ," ಎಂದರು ಹಿಂದೆ ನಿಂತಿದ್ದ ಹಲ್ಲಿನ ಡಾಕ್ಟರು.

ಕೊನೆಗೆ ಮೇಷ್ಟ್ರ ಸರದಿ ಬಂದು, ಲಿಫ್ಟು ಇಳಿದು ಬಾಗಿಲು ತೆರೆಯಿತು. ಒಳಗೆ ತಮ್ಮ ಮನೆಯದೇ ಕುರ್ಚಿ. ಅದರ ಮೇಲೆ, ಮಡಿಲಲ್ಲಿ ಕಾಸಿನ ಡಬ್ಬಿ ಇಟ್ಟುಕೊಂಡು, ತಮ್ಮದೇ ಹೆಂಡತಿ.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. "ನೀನಾ? ಸದ್ಯ. ನಡಿ, ಹೊತ್ತಾಯ್ತು."

"ನೂರೈವತ್ತು ರೀ."

"ಗಂಡನ ಹತ್ರಾನೂ?"

"ನಿಮಗೆ ಪುಕ್ಕಟೆ ಬಿಟ್ರೆ ಅದು ಸಬ್ಸಿಡಿ ಆಗಲ್ವಾ?"

ಜೇಬಿನಲ್ಲಿ ಇದ್ದದ್ದು ನೂರಿಪ್ಪತ್ತು. ಡಾಕ್ಟರು ನೂರೈವತ್ತು ಕೊಟ್ಟು ಒಳಹೊಕ್ಕರು, ಬಾಗಿಲು ಮುಚ್ಚಿತು.

ಮೇಷ್ಟ್ರು ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತತೊಡಗಿದರು. ಮೂರನೇ ಮಹಡಿಯಲ್ಲಿ ಚಪ್ಪಲಿ ಕಿತ್ತುಹೋಯಿತು, ಐದನೆಯದರಲ್ಲಿ ಉಸಿರು ಮೇಲೆ ಕೆಳಗಾಯಿತು. ಏಳನೆಯದನ್ನು ಮುಟ್ಟಿ ಮನೆಯ ಬಾಗಿಲು ತಳ್ಳುವಾಗ ಆರೂ ಇಪ್ಪತ್ತು.

ಕಂಪ್ಯೂಟರಿನ ಮುಂದೆ ಹೆಂಡತಿ ಕೂತಿದ್ದಳು. ಟಿವಿಯವರು ಮೇಷ್ಟ್ರಿಗಾಗಿ ಕಾದು ಸಾಕಾಗಿ ಮನೆಗೆ ಫೋನು ಮಾಡಿ, ಲಿಫ್ಟು ಕೊಂಡ ಕಥೆ ಕೇಳಿ, ಒಂದೇ ದಿನದಲ್ಲಿ ಗೆದ್ದ ಉದ್ಯಮಿ ಎಂದು ಅವಳನ್ನೇ ಮಾತಿಗೆ ಕೂರಿಸಿದ್ದರು.

"ಸರ್ಕಾರದಿಂದ ನಿಮ್ಮ ನಿರೀಕ್ಷೆ ಏನಮ್ಮಾ?" ಎಂದು ಕೇಳಿತು ಪರದೆ.

"ಜಾಸ್ತಿ ಏನಿಲ್ಲ," ಎಂದಳು ಅವಳು, ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದ ಗಂಡನನ್ನು ಒಮ್ಮೆ ನೋಡಿ. "ಮೆಟ್ಟಿಲು ಹತ್ತೋರಿಗೆ ತೆರಿಗೆ ಹಾಕಿದ್ರೆ ಸಾಕು."